ಮೀಸೆಯವರೆಗೆ ಬಂದ ವರ

ಬಿಳೇಕಹಳ್ಳಿಯ ನಾಗಲಕ್ಷ್ಮಮ್ಮ ಯಾವ ಕೆಲಸ ತಡವಾದರೂ ಸಹಿಸುವವರಲ್ಲ. ಒಲೆಯ ಮೇಲಿನ ಅನ್ನವನ್ನೂ ಬೇಗ ಬೇಯಲಿಲ್ಲವೆಂದು ಬೈಯುತ್ತಿದ್ದರು. ಅಂಥವರು ೨೦೦೧ರಲ್ಲಿ ತಮ್ಮ ಎಸ್‌ಟಿಡಿ ಬೂತಿಗೆ ಕಂಪ್ಯೂಟರ್ ತಂದಿಟ್ಟು ‘ಹೈಸ್ಪೀಡ್ ಇಂಟರ್‌ನೆಟ್’ ಎಂದು ಬೋರ್ಡು ಬರೆಸಿದರು. ಫೋನ್ ಲೈನು ಇದ್ದದ್ದು ಒಂದೇ. ಯಾರಾದರೂ ಊರಿಗೆ ಫೋನ್ ಮಾಡಲು ಬಂದರೆ ಇಂಟರ್‌ನೆಟ್‌ನವರು ಎದ್ದು ಕೈಕಟ್ಟಿ ನಿಲ್ಲಬೇಕು.

ಬನ್ನೇರುಘಟ್ಟ ರಸ್ತೆಯ ಆಚೆ ಬದಿಗೆ ಕೇಬಲ್ ಇಂಟರ್‌ನೆಟ್ ಬಂದಿತ್ತು. ಈಚೆ ಬದಿ ಇನ್ನೂ ಹಳ್ಳಿ ಎಂದು ಕೇಬಲಿನವರು ತಂತಿ ದಾಟಿಸಲಿಲ್ಲ. ಸೈಟು ಮಾರುವವರಿಗೆ ಮಾತ್ರ ಈಚೆ ಬದಿಯೂ ಬೆಂಗಳೂರಿನ ಹೃದಯಭಾಗವೇ. ಮಹಡಿ ಮೇಲೆ ಆಂಟೆನಾ ಹಾಕಿಸೋಣವೆಂದರೆ, ಟವರಿಗೆ ಅಡ್ಡವಿರುವ ತೆಂಗಿನ ಮರಗಳನ್ನು ಕಡಿಸಿ ಎಂದರು ಕಂಪನಿಯವರು. ಉಪಗ್ರಹದ ಡಿಶ್ ಕೇಳಿದರೆ, ಅದೆಲ್ಲ ಬ್ಯಾಂಕಿನವರಿಗೆ ಎಂದು ನಕ್ಕರು.

ಒಂದು ಭಾನುವಾರ ಪಕ್ಕದ ಬೀದಿಯ ಬಸವಲಿಂಗಮ್ಮ ಮಗಳು ತೇಜಸ್ವಿನಿಯೊಂದಿಗೆ ಬಂದರು. ಜಯನಗರದ ಪಕ್ಕದ ಯಡಿಯೂರಿನ ಗಂಡಿನ ಕಡೆಯವರು ಮುಂದುವರಿದ ಜನ; ಫೋಟೋ ಇಮೇಲಿನಲ್ಲೇ ಆಗಬೇಕೆಂದಿದ್ದರು. ತೇಜಸ್ವಿನಿಯ ಫೋಟೋ ಹಿಂದಿನ ದಿನವೇ ಇಲ್ಲಿಂದ ಹೊರಟಿತ್ತು.

ಹುಡುಗನ ಫೋಟೋ ಮೇಲಿನಿಂದ ಗೆರೆಗೆರೆಯಾಗಿ ಇಳಿಯತೊಡಗಿತು. ಮೊದಲು ದಟ್ಟ ಕೂದಲು. ನಾಗಲಕ್ಷ್ಮಮ್ಮ ಕಾಫಿ ಮಾಡಿ ತರುವಷ್ಟರಲ್ಲಿ ಹಣೆ, ಹುಬ್ಬು, ಕಣ್ಣು ಬಂದವು.

“ಒಳ್ಳೆ ಮನೆತನದ ಕಣ್ಣು,” ಎಂದರು ಬಸವಲಿಂಗಮ್ಮ.

ಮೀಸೆ ಮೂಡುವ ಹೊತ್ತಿಗೆ ಯಾರೋ ಹುಬ್ಬಳ್ಳಿಗೆ ಅರ್ಜೆಂಟಾಗಿ ಫೋನ್ ಮಾಡಬೇಕೆಂದು ಬಂದರು. ಅವರ ಮಾತು ಮುಗಿದ ಮೇಲೆ ಮತ್ತೆ ಡಯಲ್ ಮಾಡಿದರೆ ವರ ಕೂದಲಿನಿಂದಲೇ ಶುರುವಾದ. ಈ ಸಲ ಲೈನು ತಾನಾಗಿಯೇ ಕಡಿದುಹೋಗಿ ಮತ್ತೆ ಮೀಸೆಗೇ ನಿಂತ.

“ಬಾಯಿ ನೋಡ್ದೆ ಹೆಂಗೆ ಒಪ್ಕೊಳ್ಳೋದು ನಾಗಕ್ಕ?”

ನಾಗಲಕ್ಷ್ಮಮ್ಮ ಕಂಪ್ಯೂಟರ್ ಆರಿಸಿದರು. “ಯಡಿಯೂರೇನು ಅಮೆರಿಕದಲ್ಲಿದ್ಯಾ? ಏಳಿ, ಬಸ್ಸಲ್ಲಿ ಹೋಗ್ಬರೋಣ.”

ಮನೆಯಲ್ಲಿ ಹುಡುಗ ಇರಲಿಲ್ಲ. “ನೀವು ಕಳ್ಸಿದ ಫೋಟೋ ಈಗ ಬರುತ್ತೆ, ಆಗ ಬರುತ್ತೆ ಅಂತ ಕೆರೆ ಹತ್ರ ಇಂಟರ್‌ನೆಟ್ ಅಂಗಡೀಲಿ ಕೂತಿದಾನೆ,” ಎಂದರು ಅವನ ತಾಯಿ. ಮೂವರೂ ಅಲ್ಲಿಗೆ ನಡೆದರು.

ಹುಡುಗ ಪ್ರಸನ್ನ ಗಾಬರಿಯಿಂದ ಎದ್ದು ನಿಂತ. ಬಾಯಿ ಚೆನ್ನಾಗಿಯೇ ಇತ್ತು. ಕೂದಲು ಮಾತ್ರ ಇರಲಿಲ್ಲ.

“ಅಂಗಡಿಯವ್ರು ಫೈಲು ಚಿಕ್ಕದಿರ್ಲಿ ಅಂದ್ರು ಆಂಟಿ,” ಎಂದ ತಲೆ ಸವರಿಕೊಂಡು. “ಚಿಕ್ಕದು ಅಂದ್ರೆ ಕಾಲೇಜಿನ ಕಾಲದ ಫೋಟೋನೇ ಇದ್ದಿದ್ದು.”

ಬಸವಲಿಂಗಮ್ಮನ ಮುಖ ಬಾಡಿತು. ತೇಜಸ್ವಿನಿಗೆ ನಗು ತಡೆಯಲಾಗಲಿಲ್ಲ. “ಇವ್ರು ಪೂರ್ತಿ ಬಂದಿದಾರಲ್ಲಮ್ಮ, ಬಿಡು.” ಇಬ್ಬರೂ ಕೆರೆ ದಂಡೆಯ ಮೇಲೆ ಮಾತಾಡುತ್ತ ಹೋದವರು ಹಿರಿಯರಿಗೆ ಹಸಿವಾಗುವವರೆಗೂ ಬರಲಿಲ್ಲ. ಶ್ರಾವಣದಲ್ಲಿ ಮದುವೆಯಾಯಿತು.

ಆಮೇಲೆ ಜನ ನಾಗಲಕ್ಷ್ಮಮ್ಮನನ್ನು ಹುಡುಕಿಕೊಂಡು ಬರತೊಡಗಿದರು, ಇಂಟರ್‌ನೆಟ್‌ಗಲ್ಲ, ಸಂಬಂಧಕ್ಕೆ. ಅವರು ಬಸ್ ಪಾಸು ಮಾಡಿಸಿ ಪದ್ಮನಾಭನಗರ, ಜಯನಗರವೆಲ್ಲ ಸುತ್ತಿದರು. ಕಂಪ್ಯೂಟರಿನ ಮೇಲೆ ಹೂವಿನ ಕಸೂತಿಯ ಬಟ್ಟೆ ಬಿತ್ತು.

ಕೊನೆಗೂ ಕೇಬಲ್ ರಸ್ತೆ ದಾಟಿದಾಗ ಟೈ ಕಟ್ಟಿದ ಹುಡುಗನೊಬ್ಬ ಬೂತಿಗೆ ಬಂದ. “ಇನ್ಮೇಲೆ ಡಯಲ್ ಮಾಡೋ ಕೆಲ್ಸನೇ ಇಲ್ಲ ಆಂಟಿ. ದಿನವಿಡೀ ಕನೆಕ್ಷನ್ ಇರುತ್ತೆ.”

“ಅದಿರ್ಲಿ ಕಣಪ್ಪ,” ಎಂದು ನಾಗಲಕ್ಷ್ಮಮ್ಮ ಕುರ್ಚಿ ಎಳೆದು ಕೊಟ್ಟರು. “ನಿಂಗೆ ಮದ್ವೆ ಆಗಿದ್ಯಾ?”