ಹಾರ್ಲನ್‌ನ ಹಿತ್ತಾಳೆ ಬಿಲ್ಲೆಗಳು

ಹಾರ್ಲನ್ ವೀಸೆಗೆ ಎಂಜಿನ್ ಗುರುತಿಸಲು ಕಣ್ಣು ಬೇಕಿರಲಿಲ್ಲ. ಹಿಂದೆ ಹೊಲಮನೆಗಳಲ್ಲಿ ನೀರೆತ್ತುತ್ತಿದ್ದ, ಈಗ ತುಕ್ಕು ಹಿಡಿದು ಹೆಸರು ದಿಕ್ಕಿಲ್ಲದ ಹಳೆಯ ಎಂಜಿನ್ನನ್ನು ಯಾರಾದರೂ ಟ್ರಕ್ಕಿನಲ್ಲಿ ಹಾಕಿಕೊಂಡು ಬಂದರೆ ಕೆಳಗಿಳಿಸುವುದಕ್ಕೂ ಬಿಡುತ್ತಿರಲಿಲ್ಲ. ಕೈ ಚಾಚಿ ಚಕ್ರದ ಕಡ್ಡಿಗಳನ್ನು ಒಮ್ಮೆ ಸವರಿ, ಎಂಜಿನ್ ತಣ್ಣಗಿಡಲು ಅದರ ಮೇಲೇ ಇರುವ ನೀರಿನ ತೊಟ್ಟಿಯ ಅಂಚಿಗೆ ಬೆರಳು ಹಾಕಿ, ಯಾವ ಕಂಪನಿ, ಎಷ್ಟು ಎಚ್‌ಪಿ, ಯಾವ ವರ್ಷದ ಆಸುಪಾಸು ಎಂದು ಹೇಳಿಬಿಡುತ್ತಿದ್ದ.

"ಒಂದೂವರೆ ಎಚ್‌ಪಿ ಕಣಯ್ಯ ಇದು. ನಿಮ್ಮಜ್ಜಿ ಇದಕ್ಕೆ ಬಟ್ಟೆ ಒಗೆಯೋ ಮಿಷನ್ ಕಟ್ಟಿದ್ರು. ಬೆಲ್ಟು ಈ ಕಡೆ ಸವೆಸಿದೆ ನೋಡು" ಎನ್ನುತ್ತಿದ್ದ. ತಂದವನು ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದ. ನನಗೆ ಹೊಟ್ಟೆಕಿಚ್ಚು. ಅಮೆರಿಕದ ಅಯೋವಾ ರಾಜ್ಯದ ನಮ್ಮ ಕೌಂಟಿಯಲ್ಲಿ ಈ ಕಬ್ಬಿಣದ ಹುಚ್ಚು ಹಿಡಿದವರು ಕ್ಲಬ್ಬು ಕಟ್ಟಿಕೊಂಡು ನಲವತ್ತು ಜನರಿದ್ದೇವೆ, ನಲವತ್ತೂ ಜನರ ಬುದ್ಧಿ ಕೂಡಿಸಿದರೂ ಅವನ ಒಂದು ಹೆಬ್ಬೆರಳಿಗೆ ಸಮವಾಗುತ್ತಿರಲಿಲ್ಲ.

ಅವನ ಶೆಡ್ಡಿನಲ್ಲಿ ಎಂಬತ್ತಮೂರು ಎಂಜಿನ್ನುಗಳಿದ್ದವು. ಒಂದರ ಮೇಲೂ ಹೆಸರಿನ ಬಿಲ್ಲೆ ಇರಲಿಲ್ಲ. ಕಂಪನಿಯವರು ಹೊಡೆದ ಹಿತ್ತಾಳೆ ಬಿಲ್ಲೆ ಎಂದರೆ ನಮ್ಮವರಿಗೆ ಪ್ರಾಣ. ಎಂಜಿನ್ನಿನ ಹೆಸರು, ನಂಬರು ಎಲ್ಲ ಇರುವುದು ಅದರಲ್ಲಿ. ಅದಕ್ಕೇ ಅದರ ಕಳ್ಳರೂ ಇದ್ದಾರೆ. ಹಿಂದೊಮ್ಮೆ ಹಳೆಯ ಎಂಜಿನ್ನುಗಳ ಪ್ರದರ್ಶನದಲ್ಲಿ ಹಾರ್ಲನ್ ಜೋಳದ ತೆನೆ ತಿನ್ನಲು ಹೋದ ಹತ್ತು ನಿಮಿಷದಲ್ಲಿ ಯಾವನೋ ಅವನದೊಂದು ಬಿಲ್ಲೆ ಕಿತ್ತುಕೊಂಡು ಹೋದ. ಮನೆಗೆ ಬಂದವನೇ ಉಳಿದ ಎಂಬತ್ತಮೂರನ್ನೂ ತಾನೇ ಬಿಚ್ಚಿ ಎರಡು ಕಾಫಿ ಡಬ್ಬಗಳಲ್ಲಿ ತುಂಬಿಟ್ಟ.

"ಯಾವುದು ಯಾವುದರದ್ದು ಅಂತ ಬರೆದಿಟ್ಕೊಳ್ಳೋ" ಎಂದೆ ನಾನು.

"ನಿನ್ನ ಮಕ್ಕಳ ಹಣೆ ಮೇಲೆ ಹೆಸರು ಬರೆದಿದ್ದೀಯಾ? ಇಲ್ಲ ತಾನೆ?" ಎಂದ. ಅಲ್ಲಿಗೆ ಮಾತು ಮುಗಿಯಿತು. ಬಿಲ್ಲೆ ಕಳೆದ ಆ ಒಂದು ಎಂಜಿನ್ನನ್ನು ಅವನು ಶೆಡ್ಡಿನಲ್ಲಿ ಇಟ್ಟುಕೊಳ್ಳಲೂ ಇಲ್ಲ, ಯಾರಿಗೋ ಕೊಟ್ಟುಬಿಟ್ಟ.

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ, ಬಚ್ಚಿಟ್ಟು ಪ್ರಯೋಜನವಿಲ್ಲ. ಒಂದು ವರ್ಷ ನಾನು ಮೂರು ಎಚ್‌ಪಿಯ ಎಂಜಿನ್ನಿಗೆ ಎಲ್ಲಿಂದಲೋ ಸಿಕ್ಕ ಐದು ಎಚ್‌ಪಿಯ ಬಿಲ್ಲೆ ಹೊಡೆದು ಪ್ರದರ್ಶನಕ್ಕೆ ತಂದೆ. ಹಾರ್ಲನ್ ಬಂದು ಬಿಲ್ಲೆಯ ಸುತ್ತ ಹೆಬ್ಬೆರಳು ಆಡಿಸಿದ. ಮೊದಲ ಬಿಲ್ಲೆಯ ರಿವೆಟ್ಟು ಮೊಳೆಗಳಿದ್ದ ಹಳೆಯ ತೂತುಗಳನ್ನು ನಾನು ಮುಚ್ಚಿ ಬಣ್ಣ ಬಳಿದು, ಪಕ್ಕದಲ್ಲಿ ಹೊಸ ತೂತು ಕೊರೆದಿದ್ದೆ. ಅವನ ಬೆರಳಿಗೆ ಅದು ಸಿಕ್ಕಿತು.

"ಬಿಲ್ಲೆ ಸುಳ್ಳು ಹೇಳುತ್ತೆ ಮರ್ಲ್, ತೂತು ಹೇಳಲ್ಲ" ಎಂದ, ಇಡೀ ಕ್ಲಬ್ಬಿಗೆ ಕೇಳುವ ಹಾಗೆ. "ನೂರು ವರ್ಷದ ಕಬ್ಬಿಣಕ್ಕೆ ಹೊಸ ತೂತು ಕೊರೆಯೋನ ಕೈಗೆ ಲಕ್ವ ಹೊಡೀಬೇಕು."

ನನ್ನ ಮರ್ಯಾದೆ ಹರಾಜಾಯಿತು. ಆರು ವರ್ಷ ಅವನ ಮುಖ ನೋಡಲಿಲ್ಲ. ತಪ್ಪು ನನ್ನದೇ ಎಂದು ಗೊತ್ತಿತ್ತು, ಅದಕ್ಕೇ ಸಿಟ್ಟು ಇನ್ನೂ ಜಾಸ್ತಿ.

ಕಳೆದ ಜುಲೈನಲ್ಲಿ ಅವನ ಹೆಂಡತಿ ಅರ್ಡಿಸ್ ಫೋನು ಮಾಡಿದಳು.

"ಮರ್ಲ್, ಒಂದ್ಸಲ ಬಂದು ಹೋಗ್ತೀಯಾ? ಅವನಿಗೆ ಗೊತ್ತಾಗ್ತಾ ಇಲ್ಲ."

"ಏನು ಗೊತ್ತಾಗ್ತಾ ಇಲ್ಲ?"

"ಎಂಜಿನ್ನು."

ಅಡುಗೆಮನೆಯ ಮೇಜಿನ ಮೇಲೆ ಎರಡೂ ಡಬ್ಬ ಸುರಿದುಕೊಂಡು ಹಾರ್ಲನ್ ಕೂತಿದ್ದ. ಮೊದಲು ಮರೆತದ್ದು ಮೊಮ್ಮಗಳ ಹೆಸರು, ಆಮೇಲೆ ಚರ್ಚಿನ ದಾರಿ. ಅದಕ್ಕೆಲ್ಲ ಅವನು ಹೆದರಿರಲಿಲ್ಲವಂತೆ. ಹಿಂದಿನ ವಾರ ಶೆಡ್ಡಿಗೆ ಹೋಗಿ ಬಾಗಿಲ ಪಕ್ಕದ ಎಂಜಿನ್ನಿನ ಮೇಲೆ ಕೈಯಿಟ್ಟಾಗ ಏನೂ ಹೊಳೆಯಲಿಲ್ಲ. ಸೆಪ್ಟೆಂಬರ್ ಕೊನೆಗೆ ಅವನು ಮರೆವಿನವರನ್ನು ನೋಡಿಕೊಳ್ಳುವ ಮನೆಗೆ ಹೋಗುವುದೆಂದು ಡಾಕ್ಟರೂ ಮಗಳೂ ನಿಶ್ಚಯ ಮಾಡಿದ್ದರು. ಎಂಜಿನ್ನುಗಳು ಕ್ಲಬ್ಬಿನ ಮ್ಯೂಸಿಯಮ್ಮಿಗೆ ಎಂದು ಅವನು ಹಿಂದೆಯೇ ಬರೆದುಕೊಟ್ಟಿದ್ದ.

ನನ್ನನ್ನು ನೋಡಿ ಅವನು ನಮಸ್ಕಾರ ಗಿಮಸ್ಕಾರ ಏನೂ ಹೇಳಲಿಲ್ಲ.

"ಹೆಸರಿಲ್ಲದೆ ಅವನ್ನ ಕಳಿಸೋಕಾಗಲ್ಲ ಕಣೋ. ನಾನು ಹೋಗೋದ್ರೊಳಗೆ ಪ್ರತಿ ಬಿಲ್ಲೆ ಅದರದರ ಮೇಲೆ ಕೂರಬೇಕು. ನೀನು ರಿವೆಟ್ಟು ಹೊಡಿ, ನಾನು ಹೇಳ್ತೀನಿ. ಬೇಗ."

ಆ 'ಬೇಗ' ಎಂದ ರೀತಿಗೆ ನನ್ನ ಆರು ವರ್ಷದ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು.

ಮೊದಲ ಎರಡು ವಾರ ಕೆಲಸ ಸಾಗಿತು. ಬೆಳಿಗ್ಗೆ ಅವನ ತಲೆ ತಿಳಿಯಾಗಿರುತ್ತಿತ್ತು. ಚಕ್ರ ಸವರಿ, ಬಿಲ್ಲೆಗಳ ರಾಶಿಯಲ್ಲಿ ಕೈಯಾಡಿಸಿ, ಸರಿಯಾದದ್ದನ್ನು ಎತ್ತಿ ಕೊಡುತ್ತಿದ್ದ. ಜೊತೆಗೆ ಯಾವ ಹೊಲದ ಬೇಲಿಯಲ್ಲಿ ಸಿಕ್ಕಿತು, ಯಾವ ಮುದುಕಿ ಇದನ್ನು ಹೂವಿನ ಕುಂಡ ಮಾಡಿಕೊಂಡಿದ್ದಳು ಎಂಬ ಕಥೆ. ನಾನು ತೂತಿಗೆ ತೂತು ಹೊಂದಿಸಿ ರಿವೆಟ್ಟು ಹೊಡೆಯುತ್ತಿದ್ದೆ. ಬೇರೆ ಬೇರೆ ಕಂಪನಿಯ ಬಿಲ್ಲೆಗಳಾದರೆ ನಾನೇ ಹೊಂದಿಸಬಹುದಿತ್ತು. ಆದರೆ ಎಷ್ಟೋ ಕಂಪನಿಗಳವು ಒಂದೊಂದರವೇ ಆರೇಳು ಎಂಜಿನ್ನುಗಳಿದ್ದವು, ಅವುಗಳ ಬಿಲ್ಲೆಗಳೆಲ್ಲ ಒಂದೇ ಅಳತೆ. ಯಾವ ನಂಬರು ಯಾವುದರದ್ದು ಎನ್ನುವುದು ಇಡೀ ಭೂಮಿಯ ಮೇಲೆ ಅವನೊಬ್ಬನ ತಲೆಯಲ್ಲಿತ್ತು.

ಆಗಸ್ಟಿನಲ್ಲಿ ವೇಗ ತಗ್ಗಿತು. ದಿನಕ್ಕೆ ನಾಲ್ಕಿದ್ದದ್ದು ಎರಡಾಯಿತು, ಒಂದಾಯಿತು. ಕೆಲವು ದಿನ ಬರಿಗೈ. ಅರ್ಡಿಸ್ ಮೊಟ್ಟೆಯ ಸ್ಯಾಂಡ್‌ವಿಚ್ ತಂದಿಟ್ಟರೆ ಅದು ಹಾಗೇ ಒಣಗುತ್ತಿತ್ತು. ಒಂದು ದಿನ ಅವನು ಎಂಜಿನ್ನೊಂದರ ಮೇಲೆ ಎರಡೂ ಕೈಯಿಟ್ಟು ಬಹಳ ಹೊತ್ತು ನಿಂತ.

"ಇದು ನನ್ನನ್ನ ನೋಡ್ತಾ ಇದೆ, ಮರ್ಲ್. ಇದಕ್ಕೆ ನಾನು ಗೊತ್ತು. ನನಗೇ ಇದು ಗೊತ್ತಿಲ್ಲ" ಎಂದು ಅತ್ತುಬಿಟ್ಟ. ಎಪ್ಪತ್ತೆಂಟು ವರ್ಷದ ಗಂಡಸು ಅಳುವಾಗ ಏನು ಮಾಡಬೇಕೆಂದು ನಮ್ಮ ಕಡೆ ಯಾರಿಗೂ ಕಲಿಸಿರುವುದಿಲ್ಲ. ನಾನು ರಿವೆಟ್ಟಿನ ಪೆಟ್ಟಿಗೆಯನ್ನು ಸುಮ್ಮನೆ ಜೋಡಿಸುತ್ತ ನಿಂತೆ.

ಸೆಪ್ಟೆಂಬರ್ ಎರಡನೆಯ ವಾರಕ್ಕೆ ಹನ್ನೆರಡು ಬಿಲ್ಲೆ ಉಳಿದವು. ಆ ವಾರ ಒಂದು ದಿನ ಅವನು ಹೊಸ ಮನುಷ್ಯನ ಹಾಗೆ ಬಂದ. ಗಡ್ಡ ಹೆರೆದಿದ್ದ, ಸಿಳ್ಳೆ ಹಾಕುತ್ತಿದ್ದ. ನೆಟ್ಟಗೆ ಹೋದದ್ದು ಮೂಲೆಯಲ್ಲಿದ್ದ ಹಾಲ್ವರ್ಸನ್ ಕಂಪನಿಯ ಸಣ್ಣ ಎಂಜಿನ್ನಿನ ಹತ್ತಿರ. ಅದು ಅವನ ಅಪ್ಪನದು. ಒಂದೂವರೆ ಎಚ್‌ಪಿ. ಅವರ ಬಾವಿಯಿಂದ ನೀರೆತ್ತಿದ್ದು ಅದೇ, ಅವನ ಸಂಗ್ರಹಕ್ಕೆಲ್ಲ ಮೊದಲನೆಯದೂ ಅದೇ. ಆ ಕಂಪನಿಯದು ಡಬ್ಬದಲ್ಲಿ ಒಂದೇ ಒಂದು ಬಿಲ್ಲೆ ಇತ್ತು, ಸಣ್ಣ ಚೌಕದ್ದು. ಹಾರ್ಲನ್ ಎತ್ತಿಕೊಂಡದ್ದು ಬೇರೊಂದು ಕಂಪನಿಯ ಐದು ಎಚ್‌ಪಿಯ ಉದ್ದನೆಯ ಬಿಲ್ಲೆಯನ್ನು.

"ಸಿಕ್ತು" ಎಂದ. "ಅಪ್ಪನದು. ಇದನ್ನ ಮರೀತೀನಾ ನಾನು?"

ತೊಟ್ಟಿಗೆ ಹಿಡಿದು ನೋಡಿದ. ತೂತುಗಳು ಕೂಡಲಿಲ್ಲ. ತಿರುಗಿಸಿದ, ಮತ್ತೆ ಹಿಡಿದ. ಆಮೇಲೆ ನನ್ನ ಕಡೆ ಕೈ ಚಾಚಿದ.

"ಡ್ರಿಲ್ಲು ಕೊಡು."

ಬಾಗಿಲಲ್ಲಿ ಅರ್ಡಿಸ್ ನಿಂತಿದ್ದಳು. ಅವಳಿಗೂ ಅರ್ಥವಾಯಿತು. ನಲವತ್ತು ವರ್ಷ ಅವನು ಶಪಿಸಿದ ಕೆಲಸವಿದು. ನಾನು ಬೇಡ ಎನ್ನಬೇಕಿತ್ತು. ಆದರೆ ಎಷ್ಟೋ ದಿನಗಳ ಮೇಲೆ ಆ ಮುಖದಲ್ಲಿ ಖುಷಿ ಕಂಡಿತ್ತು, ಅದನ್ನು ಒರೆಸುವ ಧೈರ್ಯ ನನಗಿರಲಿಲ್ಲ. ಹೇಡಿತನ ಎಂದರೆ ಅನ್ನಿ. ಅರ್ಡಿಸ್ ತಾನೇ ಬಂದು ಡ್ರಿಲ್ಲು ಎತ್ತಿ ಅವನ ಕೈಗೆ ಕೊಟ್ಟಳು. ಅವನು ತನ್ನ ಅಪ್ಪನ ಎಂಜಿನ್ನಿಗೆ ಎರಡು ಹೊಸ ತೂತು ಕೊರೆದು ಐದು ಎಚ್‌ಪಿಯ ಬಿಲ್ಲೆ ಹೊಡೆದ. ನಾನು ಹಾಲ್ವರ್ಸನ್ ಬಿಲ್ಲೆಯನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡೆ. ಅವನು ಆರೈಕೆಯ ಮನೆಗೆ ಹೋದ ಮೇಲೆ ಬದಲಾಯಿಸಿದರಾಯಿತು ಎಂದುಕೊಂಡೆ.

ಮರುದಿನ ಬೆಳಿಗ್ಗೆ ನಾನು ಹೋದಾಗ ಹಾರ್ಲನ್ ಆ ಎಂಜಿನ್ನಿನ ಮುಂದೆ ಮಂಡಿಯೂರಿ ಕೂತಿದ್ದ. ಹೆಬ್ಬೆರಳು ಬಿಲ್ಲೆಯ ಸುತ್ತ ಆಡುತ್ತಿತ್ತು. ಆ ಬೆರಳನ್ನು ನಾನು ಬಲ್ಲೆ.

"ಇದಕ್ಕೆ ಯಾವನೋ ಹೊಸ ತೂತು ಕೊರೆದಿದ್ದಾನೆ" ಎಂದ. ತಿರುಗಿ ನೋಡಿದ. ಕಣ್ಣು ಸ್ವಚ್ಛವಾಗಿತ್ತು, ಹಳೆಯ ಹಾರ್ಲನ್‌ನ ಕಣ್ಣು. "ಐದು ಎಚ್‌ಪಿ ಬಿಲ್ಲೆ. ನೀನೇ ತಾನೆ? ನಿನಗೆ ಬುದ್ಧಿ ಬರಲೇ ಇಲ್ವಾ? ಅದೂ ನಮ್ಮಪ್ಪನದಕ್ಕೆ?"

"ಹಾರ್ಲನ್, ನಿನ್ನೆ..." ಎಂದು ಅರ್ಡಿಸ್ ಬಾಯಿ ತೆರೆದಳು.

ನಾನು ಅವಳ ಕಡೆ ನೋಡಿ ಬೇಡವೆಂದು ತಲೆಯಾಡಿಸಿದೆ. ಅವನಿಗೆ ನಿಜ ಹೇಳಿದರೆ ಏನು ಉಳಿಯುತ್ತದೆ? ತನ್ನ ಕೈಯನ್ನೇ ನಂಬಲಾರದವನು ಆ ಕೈಯಿಂದ ಉಳಿದ ದಿನಗಳನ್ನು ಹೇಗೆ ಕಳೆಯಬೇಕು?

"ಹೌದು, ನಾನೇ" ಎಂದೆ.

"ಇದರದ್ದು ಹಾಲ್ವರ್ಸನ್ ಬಿಲ್ಲೆ, ಚೌಕದ್ದು. ಡಬ್ಬದಲ್ಲಿಲ್ಲ. ಜೇಬು ತೋರಿಸು."

ತೆಗೆದುಕೊಟ್ಟೆ. ಅವನು ಅದನ್ನು ಅಂಗಿಯ ತುದಿಯಲ್ಲಿ ಒರೆಸಿದ. ಐದು ಎಚ್‌ಪಿಯದನ್ನು ಕಿತ್ತು ಎಸೆದು, ಅಪ್ಪನ ಬಿಲ್ಲೆಯನ್ನು ಅದರ ಹಳೆಯ ತೂತುಗಳಿಗೆ ತಾನೇ ಕೂರಿಸಿ ರಿವೆಟ್ಟು ಹೊಡೆದ. ಪಕ್ಕದಲ್ಲಿ ಎರಡು ಹೊಸ ತೂತು ಹೊಳೆಯುತ್ತಿದ್ದವು.

"ಇನ್ನು ಈ ಶೆಡ್ಡಿಗೆ ಕಾಲಿಡಬೇಡ" ಎಂದ. "ಅರ್ಡಿಸ್, ಇವನನ್ನ ಒಳಗೆ ಬಿಟ್ಟರೆ ನೋಡು."

ಅರ್ಡಿಸ್ ನನ್ನ ಟ್ರಕ್ಕಿನವರೆಗೂ ಬಂದಳು.

"ಇನ್ನೂ ಹನ್ನೊಂದಿದೆ, ಮರ್ಲ್. ನನಗೆ ಅದರ ತಲೆ ಬುಡ ಗೊತ್ತಿಲ್ಲ. ನಾನೇ ಡ್ರಿಲ್ಲು ಕೊಟ್ಟಿದ್ದು ಅಂತ ಹೇಳಿಬಿಡ್ಲಾ?"

"ಬೇಡ."

"ಅವನು ಬೇಡಿಕೊಂಡಿದ್ದು ಅದೊಂದೇ ಕಣೋ, ಎಲ್ಲದಕ್ಕೂ ಹೆಸರು ಕೂರಬೇಕು ಅಂತ."

"ಗೊತ್ತು" ಎಂದು ಗಾಡಿ ಹತ್ತಿದೆ. ಅದಕ್ಕಿಂತ ಹೆಚ್ಚು ಮಾತಾಡಿದ್ದರೆ ನಾನೂ ಅಲ್ಲೇ ಅಳುತ್ತಿದ್ದೆ.

ಯಾವುದಕ್ಕೆ ಯಾವ ಬಿಲ್ಲೆಯೆಂದು ನನಗೂ ಹೇಳಲಾಗದ ಆ ಹನ್ನೊಂದು ಹಾಗೇ ಉಳಿದವು. ಅವನು ಒಬ್ಬನೇ ಪ್ರಯತ್ನಿಸಿದನಂತೆ, ದಿನವೂ ಬಿಲ್ಲೆಗಳನ್ನು ಸುರಿದುಕೊಂಡು, ಮತ್ತೆ ಡಬ್ಬಕ್ಕೆ ತುಂಬಿಕೊಂಡು. ತಿಂಗಳ ಕೊನೆಗೆ ಮ್ಯೂಸಿಯಮ್ಮಿನವರು ಬಂದು ಎಂಬತ್ತಮೂರನ್ನೂ ಒಯ್ದರು. ಹನ್ನೊಂದಕ್ಕೆ 'ಗೊತ್ತಿಲ್ಲ' ಎಂಬ ಕಾಗದದ ಚೀಟಿ ಕಟ್ಟಿದ್ದಾರೆ. ಅದನ್ನು ಓದಲಾಗದೆ ನಾನು ಆ ಸಾಲಿನ ಕಡೆ ಹೋಗುವುದಿಲ್ಲ.

ಹಾರ್ಲನ್‌ನನ್ನು ನೋಡಲು ಭಾನುವಾರ ಹೋಗುತ್ತೇನೆ. ನನ್ನ ಗುರುತು ಅವನಿಗಿಲ್ಲ. ಕಳೆದ ತಿಂಗಳಿಂದ ಅರ್ಡಿಸ್‌ಳ ಗುರುತೂ ಇಲ್ಲ. ಹಾಲ್ವರ್ಸನ್ನಿನ ಫೋಟೋ ತೋರಿಸಿದರೆ ಚಂದದ ಯಂತ್ರ, ಯಾರದಿದು ಎಂದು ಕೇಳುತ್ತಾನೆ. ಆದರೆ ಪಕ್ಕದಲ್ಲಿ ಯಾರು ಕೂತರೂ, ಹೊಸ ನರ್ಸ್ ಬಂದರೂ, ನಾನು ಬಂದರೂ, ತೋಳು ಹಿಡಿದು ಹತ್ತಿರ ಎಳೆದುಕೊಳ್ಳುತ್ತಾನೆ.

"ಮರ್ಲ್ ಅಂತ ಒಬ್ಬನಿದ್ದಾನೆ, ಹುಷಾರಾಗಿರಿ" ಎನ್ನುತ್ತಾನೆ. "ನಮ್ಮಪ್ಪನ ಎಂಜಿನ್ನಿಗೆ ತೂತು ಕೊರೆದ. ಎರಡು ತೂತು. ನಾನು ಬೆರಳಲ್ಲೇ ಕಂಡುಹಿಡಿದೆ."

"ಭೇಷ್ ಹಾರ್ಲನ್" ಎನ್ನುತ್ತೇನೆ ನಾನು. "ನೀನಲ್ಲದೆ ಇನ್ಯಾರಿಗೆ ಗೊತ್ತಾಗ್ತಿತ್ತು."