ಏಳನೆಯ ಬೆನ್ನು

ಕೊಳಕೂರದ ಶಾಲೆಯ ಮೂಡಣ ಗೋಡೆಗೆ ಬಿಸಿಲು ಬೀಳಲು ಇನ್ನೂ ಅರ್ಧ ತಾಸಿದೆ. ಅಷ್ಟರೊಳಗೆ ಖಾಸೀಂಬಿ ಒಂದು ಬೆನ್ನು ಮುಗಿಸಬೇಕು. ಜೂನ್ ಮೊದಲಿನ ಮಿರಗದ ಮಳೆ ಒಮ್ಮೆ ಮುಖ ತೋರಿಸಿ ಹೋದ ಮೇಲೆ ಈ ಸೀಮೆಯ ಬಿಸಿಲು ಮತ್ತಷ್ಟು ಸಿಟ್ಟಿಗೆದ್ದಿದೆ. ಎಂಟು ಗಂಟೆಗೆಲ್ಲ ಗೋಡೆ ಕಾದ ಹಂಚಾಗುತ್ತದೆ. ಹಚ್ಚಿದ ಬಣ್ಣ ಹರಡುವ ಮೊದಲೇ ಒಣಗಿ, ಬ್ರಷ್ಷು ಎಳೆದಲ್ಲೆಲ್ಲ ಗೆರೆ ಉಳಿಯುತ್ತದೆ. ಹಾಗಾಗಿ ನಾಲ್ಕೂವರೆಗೆ ಎದ್ದು ಐದಕ್ಕೆ ಗೋಡೆಯ ಮುಂದೆ ನಿಲ್ಲುವುದು ಅವರ ಇಪ್ಪತ್ತೆರಡು ವರ್ಷಗಳ ರೂಢಿ.

ಅವರ ಎದುರಿಗೆ, ಗೋಡೆಯತ್ತ ಮುಖ ಮಾಡಿ, ಕಸ್ತೂರಿಬಾಯಿ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಇದೇ ಶಾಲೆಯಲ್ಲಿ ಬಿಸಿಯೂಟ ಮಾಡುವವರು ಅವರು. ಒಲೆ ಹಚ್ಚುವ ಮೊದಲು ಒಂದಿಷ್ಟು ಹೊತ್ತು ತಮ್ಮ ಬೆನ್ನನ್ನು ಕಡ ಕೊಡಲು ಬಂದಿದ್ದಾರೆ.

"ಕಾಕಿ, ಅಲುಗಬ್ಯಾಡ್ರಿ. ಬಲಗಡಿ ಭುಜ ಇನ್ನೊಂಚೂರು ಕೆಳಗ."

"ಅಲುಗಲಾರದ ಕೂಡಾಕ ನಾನೇನು ಕಲ್ಲ ಏನ ಬೇ? ಸೊಳ್ಳಿ ಕಡ್ಯಾಕತ್ತಾವ. ಲಗೂನ ಬರಿ."

ಗೋಡೆಯ ಮೇಲೆ ಹೊಲ, ಹೊಲದಲ್ಲಿ ಸಾಲಾಗಿ ಕೂತು ಕಳೆಕಸ ತೆಗೆಯುತ್ತಿರುವ ಹೆಂಗಸರು, ಬದುವಿನಾಚೆ ಒಂದು ಕೋಡು ಕೆಳಗೆ ಬಾಗಿದ ಎಮ್ಮೆ. ಹೆಂಗಸರದು ಒಬ್ಬರದೂ ಮುಖ ಕಾಣುವುದಿಲ್ಲ, ಎಲ್ಲವೂ ಬೆನ್ನುಗಳೇ. ಈ ಚಿತ್ರವನ್ನು ಖಾಸೀಂಬಿ ಒಂಬತ್ತು ವರ್ಷದ ಹಿಂದೆಯೇ, ಇದೇ ಗೋಡೆಯ ಮೇಲೆ ಬರೆದಿದ್ದರು. ಹೋದ ವಾರ ಬೇರೆಯವರು ಬಂದು ಅದನ್ನು ಕೆರೆದು ತೆಗೆದಿದ್ದಾರೆ. ಕೆರೆದದ್ದು ಯಾಕೆಂದರೆ, ಅದೇ ಚಿತ್ರವನ್ನು ಮತ್ತೆ ಬರೆಸುವುದಕ್ಕೆ. ಓದಿದವರಿಗೆ ತಲೆ ತಿರುಗಿದರೆ ತಪ್ಪಿಲ್ಲ, ಊರಿಗೇ ತಿರುಗಿದೆ.

ಖಾಸೀಂಬಿ ಹುಟ್ಟಿದ್ದು ಕೊಳಕೂರದಲ್ಲಿ, ಕೊಟ್ಟದ್ದು ಅಫಜಲಪುರಕ್ಕೆ. ವಯಸ್ಸು ನಲವತ್ತಾರು. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲ್ಲೂಕಿನ ಶಾಲೆ, ಅಂಗನವಾಡಿ, ಹಾಲಿನ ಡೇರಿಗಳ ಅರವತ್ತಮೂರು ಗೋಡೆಗಳ ಮೇಲೆ ಅವರ ಚಿತ್ರ ಬಿದ್ದಿದೆ. ಇವತ್ತಿಗೆ ಉಳಿದಿರುವುದು ಹದಿನಾಲ್ಕು. ಮಳೆ ತೊಳೆದದ್ದು ಕೆಲವು, ಚುನಾವಣೆಯ ಸುಣ್ಣ ನುಂಗಿದ್ದು ಹಲವು. ಅವರ ಜೋಳಿಗೆಯಲ್ಲಿ ನಾಲ್ಕು ಬ್ರಷ್ಷು, ಗೆರೆ ಹೊಡೆಯಲು ನೀಲಿಪುಡಿಯಲ್ಲಿ ಅದ್ದಿದ ದಾರದ ಉಂಡೆ, ತಿಂಡಿಯ ಗಂಟು, ಅಷ್ಟೇ. ದೂರದ ಊರಾದರೆ ಎರಡು ಬಸ್ಸು ಬದಲಿಸುತ್ತಾರೆ. ಕೊಳಕೂರದ ಕೆಲಸವಾದರೆ ಹಿಂದಿನ ದಿನವೇ ಬಂದು ಕಸ್ತೂರಿಬಾಯಿಯ ಮನೆಯಲ್ಲಿ ಮಲಗುತ್ತಾರೆ.

ಚಿತ್ರಕಲೆಯ ಶಾಲೆಯ ಮೆಟ್ಟಿಲನ್ನು ಅವರು ತುಳಿದವರಲ್ಲ. ಅಕ್ಷರ ಕೂರಿಸುವುದನ್ನು ಕಲಿಸಿದವರು ಅಫಜಲಪುರದ ಬೋರ್ಡು ಬರೆಯುವ ಮಲಂಗಸಾಬ, ಗಂಡನ ಸೋದರಮಾವ. ಕಿರಾಣಿ ಅಂಗಡಿಯ ಬೋರ್ಡಿರಲಿ, ಲಾರಿಯ ಹಿಂಬದಿಯಿರಲಿ, ಮೂಲೆಯಲ್ಲಿ ತಮ್ಮ ಹೆಸರಿಲ್ಲದೆ ಅವರು ಬ್ರಷ್ಷು ತೊಳೆದವರಲ್ಲ. "ಮಾಮೂ ಹೇಳ್ತಿದ್ರು, ಹೆಸರು ಹಾಕೋದು ಸೊಕ್ಕಲ್ಲ ಬೇಟಾ, ಜುಮ್ಮೇದಾರಿ ಅಂತ. ತಪ್ಪಾದರ ಯಾರನ್ನ ಬೈಬೇಕು ಅನ್ನೋದು ಮಂದಿಗೆ ಗೊತ್ತಿರಬೇಕು," ಎನ್ನುತ್ತಾರೆ ಖಾಸೀಂಬಿ. ಅಂದಿನಿಂದ ಅವರೂ ಪ್ರತಿ ಗೋಡೆಯ ಒಂದು ಮೂಲೆಯಲ್ಲಿ ಹೆಸರು, ಊರು, ಫೋನ್ ನಂಬರು ಬರೆಯುತ್ತಾರೆ.

ಆದರೆ ಚಿತ್ರ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಮಲಂಗಸಾಬರ ಹೆಸರು ಹೇಳುವುದಿಲ್ಲ. ಅಮ್ಮ ಹಜರಾಬಿಯ ಹೆಸರು ಹೇಳುತ್ತಾರೆ.

ಹಜರಾಬಿ ಕೂಲಿಗೆ ಕಸ ತೆಗೆಯಲು ಹೋಗುತ್ತಿದ್ದರು. ಆರು ವರ್ಷದ ಮಗಳನ್ನು ಮನೆಯಲ್ಲಿ ಬಿಡಲು ಯಾರೂ ಇರಲಿಲ್ಲ. ಹೊಲಕ್ಕೆ ಕರೆದುಕೊಂಡು ಹೋಗುವುದು. ಹೆಂಗಸರು ಕಳೆ ಕೀಳುವ ಕುರ್ಪಿ ಹಿಡಿದು ಸಾಲಾಗಿ ಮುಂದೆ ಸರಿಯುತ್ತಿದ್ದರೆ ಕೂಸು ಹಿಂದೆ ಹಿಂದೆ. "ನಾನು ನೋಡಿದ್ದೆಲ್ಲಾ ಬೆನ್ನಽ ರೀ. ಯಾರು ಅಳಾಕತ್ತಾರ, ಯಾರಿಗೆ ಜ್ವರ ಬಂದದ, ಯಾರ ಮನ್ಯಾಗ ಜಗಳಾಗ್ಯದ, ಎಲ್ಲಾ ಬೆನ್ನ ಮ್ಯಾಲ ಗೊತ್ತಾಗ್ತಿತ್ತು. ಮುಖದಾಗ ಸುಳ್ಳ ನಗು ತರಬಹುದು. ಬೆನ್ನಿಗೆ ಅದು ಬರಂಗಿಲ್ಲ."

ಬಣ್ಣದ ಪಾಠವೂ ಅಮ್ಮನದೇ. ಮಳೆಗಾಲದಲ್ಲಿ ಕೂಲಿ ಇಲ್ಲದ ದಿನ ಹಜರಾಬಿ ಕೌದಿ ಹೊಲಿಯುತ್ತಿದ್ದರು. ಹಳೆಯ ಸೀರೆ, ಹರಿದ ಲಂಗ-ಪರಕಾರಗಳ ತುಂಡುಗಳನ್ನು ನೆಲದ ಮೇಲೆ ಹರವಿ, ಇದರ ಪಕ್ಕ ಯಾವುದು ಕೂರುತ್ತದೆ ಹೇಳು ಎಂದು ಮಗಳನ್ನು ಕೇಳುವುದು. ಎರಡು ಕೆಂಪು ಒತ್ತಟ್ಟಿಗೆ ಇಟ್ಟರೆ ಜಗಳಾಡುತ್ತವೆ, ನಡುವೆ ಒಂದು ಕರಿದು ಇಡು, ಬಿಡಿಸುತ್ತದೆ ಎನ್ನುವುದು. ಖಾಸೀಂಬಿಯ ಗೋಡೆಗಳಲ್ಲಿ ಈಗಲೂ ಕೆಂಪಿನ ಪಕ್ಕ ಕಪ್ಪು ಕೂರದೆ ಇರುವುದಿಲ್ಲ. ಬಾಗಿದ ಕೋಡಿನ ಎಮ್ಮೆ ಅಪ್ಪ ಪೀರಸಾಬ ಸಾಕಿದ್ದು. ಕೋಡು ಬಂಡಿಯ ಗಾಲಿಗೆ ಸಿಕ್ಕು ಹಾಗಾದದ್ದು. ಚಿತ್ರದ ಸಾಲಿನಲ್ಲಿ ಕೂತ ಕಸ್ತೂರಿಬಾಯಿಯ ಕುಪ್ಪಸದ ಭುಜಕ್ಕಿರುವ ಹಳದಿ ತೇಪೆ ಹಜರಾಬಿಯ ಕೌದಿಯ ಗಂಟಿನಿಂದ ಬಂದದ್ದು. ಈ ಮನುಷ್ಯರು, ಈ ಎಮ್ಮೆ, ಈ ತೇಪೆ ಯಾವುದನ್ನೂ ಖಾಸೀಂಬಿ ಕಲ್ಪಿಸಿಕೊಂಡಿಲ್ಲ. ಊರವರು ಗೋಡೆಯ ಮುಂದೆ ನಿಂತು ಒಂದೊಂದು ಬೆನ್ನಿಗೂ ಹೆಸರು ಹಿಡಿದು ಮಾತಾಡಿಸುತ್ತಿದ್ದರು.

ಸಾಲಿನಲ್ಲಿ ಏಳು ಜನ. ಎಡತುದಿಗೆ ಹಜರಾಬಿ. ಅವರದು ಎಡಗೈ ಕೆಲಸ. ನಡುವೆ ಕೂತರೆ ಪಕ್ಕದವರ ಬಲಗೈಗೆ ಕುರ್ಪಿ ತಾಗುತ್ತದೆಂದು ಜೀವಮಾನವಿಡೀ ತುದಿಯಲ್ಲೇ ಕೂತವರು. ಒಂಬತ್ತು ವರ್ಷದ ಹಿಂದೆ ಚಿತ್ರ ಮುಗಿದ ದಿನ ಮಗಳು ಅವರನ್ನು ಕರೆತಂದು ಗೋಡೆಯ ಮುಂದೆ ನಿಲ್ಲಿಸಿದರು. "ನಮ್ಮಮ್ಮ ಬಾಳ ಹೊತ್ತು ನೋಡಿದಳ್ರಿ. ಆಮ್ಯಾಲ, ನನ್ನ ಬೆನ್ನು ನಾ ನೋಡೇ ಇದ್ದಿದ್ದಿಲ್ಲ ನೋಡು, ಇಷ್ಟು ಬಾಗ್ಯದೇನು ಅಂದ್ಳು." ಮುಂದಿನ ವರ್ಷ ಹಜರಾಬಿ ತೀರಿಕೊಂಡರು. ಆಧಾರ್ ಕಾರ್ಡಿನ ಮಸುಕು ಮುಖ ಬಿಟ್ಟರೆ ಅವರದೊಂದು ಫೋಟೋ ಮನೆಯಲ್ಲಿಲ್ಲ. ಈ ಗೋಡೆಯಲ್ಲಿ ಹೆಸರು ಬರೆಯಲು ಖಾಸೀಂಬಿ ಎಡಮೂಲೆಯನ್ನೇ ಆರಿಸಿಕೊಂಡಿದ್ದರು: ಅಮ್ಮನ ಕಾಲ ಬಳಿ.

ಮೂರು ವರ್ಷದ ಹಿಂದಿನ ಮಳೆಗಾಲದಲ್ಲಿ ಕ್ಯಾಮೆರಾ ಹೊತ್ತ ಒಬ್ಬರು ಬಂದಿದ್ದನ್ನು ಕಸ್ತೂರಿಬಾಯಿ ಮರೆತಿಲ್ಲ. ಚಹಾ ಕೊಟ್ಟವರು ಅವರೇ. ಗೋಡೆಯ ಮುಂದೆ ಎಡಕ್ಕೆ ಶಾಲೆಯ ಕೈಪಂಪು ಇದೆ. ಅದರ ಸುತ್ತ ವರ್ಷವಿಡೀ ಕೆಸರು. ಪೂರ್ತಿ ಗೋಡೆ ಫೋಟೋದಲ್ಲಿ ಹಿಡಿಯಬೇಕಾದರೆ ಆ ಕೆಸರಿಗಿಳಿಯಬೇಕು. "ಅಂವ ಬೂಟು ನೋಡಿಕೊಂಡ, ಕೆಸರು ನೋಡಿದ. ಹಿಂದಕ್ಕ ಸರೀಲಿಲ್ಲ. ಅಲ್ಲೇ ನಿಂತು ಎಷ್ಟು ಬರ್ತದೋ ಅಷ್ಟು ತೆಗದ, ಹೋದ," ಎನ್ನುತ್ತಾರೆ.

ಆ ಫೋಟೋ ಏನಾಯಿತೆಂಬುದು ತಿಳಿದದ್ದು ಹೋದ ತಿಂಗಳು. ಶಾಲೆಗಳ ಗೋಡೆ ಚಂದಗಾಣಿಸುತ್ತೇವೆಂದು ಹೊರಟ ಸಂಸ್ಥೆಯೊಂದು ಒಂದು ಮಾದರಿ ಪುಸ್ತಕ ಕಳಿಸಿತ್ತು. ನುಣುಪಾದ ಹಾಳೆ, ದಪ್ಪ ರಟ್ಟು. ಮುಖ್ಯಗುರು ವಿಶ್ವಾರಾಧ್ಯ ಅದನ್ನು ಮೇಜಿನ ಮೇಲೆ ಬಿಡಿಸಿದಾಗ ಅಕ್ಕಿ ಅಳೆಸಿಕೊಳ್ಳಲು ಬಂದಿದ್ದ ಕಸ್ತೂರಿಬಾಯಿ ಇಣುಕಿದರು. ಹನ್ನೊಂದನೆಯ ಪುಟಕ್ಕೆ ಬಂದಾಗ ಕೈಯಲ್ಲಿದ್ದ ಮೊರ ಮೇಜಿನ ಮೇಲೆ ಕುಕ್ಕಿದರು. "ಸರ, ಇದು ನನ್ನ ಬೆನ್ನು!"

ಹಳದಿ ತೇಪೆ ಇತ್ತು. ಬಾಗಿದ ಕೋಡಿನ ಎಮ್ಮೆ ಇತ್ತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಕೆಳಗೆ ಸಣ್ಣ ಅಕ್ಷರದಲ್ಲಿ, "ಜಾನಪದ ಶೈಲಿ. ಕಲಾವಿದರು: ಅಜ್ಞಾತ." ಮತ್ತು ಸಾಲಿನಲ್ಲಿ ಹೆಂಗಸರು ಆರೇ. ಕ್ಯಾಮೆರಾದವರ ಬೂಟು ಉಳಿಸಲು ಹೋಗಿ ಎಡತುದಿ ಕತ್ತರಿಸಿ ಹೋಗಿದೆ. ಹಜರಾಬಿಯೂ ಹೋಗಿದ್ದಾರೆ, ಅವರ ಕಾಲ ಬಳಿಯ ಹೆಸರೂ ಹೋಗಿದೆ.

ಅಜ್ಞಾತ! ಹೆಸರು, ಊರು, ಹತ್ತಂಕಿಯ ನಂಬರು ಗೋಡೆಯ ಮೇಲೆ ಬರೆದಿಟ್ಟವಳು ಅಜ್ಞಾತಳಾಗುವುದು ಹೇಗೆ? ಒಂದು ಫೋನು ಮಾಡಲು ಎಷ್ಟು ಹೊತ್ತು ಬೇಕಿತ್ತು? ಸಾವಿರ ವರ್ಷ ಹಳೆಯ ಗವಿಯ ಚಿತ್ರವಾದರೆ ಬರೆದವರು ತಿಳಿಯದು ಎನ್ನಬಹುದು. ಬಸ್ಸು ಹತ್ತಿ ಬಂದರೆ ಎರಡು ತಾಸಿಗೆ ಸಿಗುವ ಹೆಣ್ಣುಮಗಳನ್ನು ಜಾನಪದದ ಗುಂಪಿಗೆ ದೂಡಿ ಕೈತೊಳೆದುಕೊಳ್ಳುವುದಕ್ಕೆ ಏನೆನ್ನಬೇಕು? ಜನರದ್ದೆಂದು ಹೊಗಳಿದ ಹಾಗೂ ಆಯಿತು, ಜನರಲ್ಲಿ ಒಬ್ಬರ ಹೆಸರನ್ನೂ ಕೇಳದೆ ಬಿಟ್ಟ ಹಾಗೂ ಆಯಿತು.

ಅಷ್ಟಕ್ಕೇ ನಿಂತಿದ್ದರೆ ಪುಸ್ತಕ ಮುಚ್ಚಿಟ್ಟು ಸುಮ್ಮನಾಗಬಹುದಿತ್ತು. ಎಲ್ಲ ಶಾಲೆಯಲ್ಲೂ ಗೋಡೆ ಮಾದರಿಯಂತೆಯೇ ಇರಬೇಕೆಂಬ ಷರತ್ತು ಬಂತು. ಮುಖ್ಯಗುರುಗಳು, ಇದು ಅಸಲಿ ಗೋಡೆ, ಮುಟ್ಟಬೇಡಿ ಎಂದು ಎರಡು ಪತ್ರ ಬರೆದರು. ಉತ್ತರ ಬರಲಿಲ್ಲ, ಇಬ್ಬರು ಆಳುಗಳು ಕೆರೆಯುವ ತಗಡು ಹಿಡಿದು ಬಂದರು. ಆ ದಿನ ಶಾಲೆಗೆ ರಜೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮರುದಿನ ಕಸ್ತೂರಿಬಾಯಿ ಬಂದು ನೋಡಿದರೆ ಗೋಡೆಯ ಬುಡದಲ್ಲಿ ಬಣ್ಣದ ಹಕ್ಕಳೆಯ ಗುಡ್ಡೆ. ಅದನ್ನು ಕಸದ ಗುಂಡಿಗೆ ಹಾಕಲು ಮನಸ್ಸಾಗದೆ ಒಂದು ಡಬ್ಬಿಯಲ್ಲಿ ತುಂಬಿಟ್ಟಿದ್ದಾರೆ.

ಆಮೇಲೆ ಬಂದ ಫೋನು ಗಾಯದ ಮೇಲೆ ಎಳೆದ ಬರೆ. ಸ್ಥಳೀಯವಾಗಿ ಅಗ್ಗದಲ್ಲಿ ಗೋಡೆ ಬರೆಯುವವರು ಯಾರೆಂದು ವಿಚಾರಿಸಿದ ಮೇಲ್ವಿಚಾರಕರಿಗೆ ಸಿಕ್ಕ ಹೆಸರು ಖಾಸೀಂಬಿಯದೇ! ಅವರದೇ ಚಿತ್ರವನ್ನು ಅವರಿಗೇ ತೋರಿಸಿ, "ಸ್ಯಾಂಪಲ್ ಇದ್ದಂಗ ಬರೀರಿ. ನಿಮ್ಮ ತಲಿ ಓಡಿಸಬ್ಯಾಡ್ರಿ," ಎಂದರಂತೆ.

ಖಾಸೀಂಬಿ ಎರಡು ದಿನ ಜೋಳಿಗೆ ಮುಟ್ಟಲಿಲ್ಲ. ಅತ್ತರು ಕೂಡ. ಮೂರನೆಯ ದಿನ ಒಪ್ಪಿಕೊಂಡರು. "ನಾ ಒಲ್ಲೆ ಅಂದರ ಬ್ಯಾರೆ ಯಾರರೇ ಬಂದು ಆರು ಮಂದಿನ್ನ ಬರದು ಹೋಗ್ತಿದ್ರು. ನಮ್ಮಮ್ಮ ಕಾಯಂ ಹೋಗಿಬಿಡ್ತಿದ್ದಳು. ಅದಕ್ಕ ಬಂದೀನಿ."

ಆ ಸಂಸ್ಥೆಯ ಹೆಸರೇನು ಎಂದರೆ ಮೊದಲ ಬಾರಿ ನಗುತ್ತಾರೆ. "ಅವರು ನನ್ನ ಹೆಸರು ಬಿಟ್ಟಾರ. ನೀವು ಅವರದು ಬಿಡ್ರಿ. ಲೆಕ್ಕ ಸರಿ ಆಗ್ತದ."

ನಾಲ್ಕು ದಿನದಲ್ಲಿ ಆರು ಬೆನ್ನು ಆಗಿವೆ. ಇಂದು ಬೆಳಗಿನ ಹೊತ್ತಿನಲ್ಲಿ ಕಸ್ತೂರಿಬಾಯಿಯ ಭುಜ ನೋಡಿ ಬರೆಯುತ್ತಿರುವುದು ಅವರ ಬೆನ್ನನ್ನಲ್ಲ, ಹಜರಾಬಿಯದನ್ನು. ಹಜರಾಬಿ ಹೇಗೆ ಕೂರುತ್ತಿದ್ದರೆಂಬುದನ್ನು ಪಕ್ಕದಲ್ಲೇ ಹದಿನೆಂಟು ವರ್ಷ ಕೂತ ಕಸ್ತೂರಿಬಾಯಿ ಕೂತು ತೋರಿಸುತ್ತಿದ್ದಾರೆ: ಎಡಗೈ ಮುಂದೆ, ಬಲಭುಜ ಇಳಿದು, ಸೆರಗು ತಲೆಯ ಮೇಲೆ. ಬಿಸಿಲು ಗೋಡೆ ಮುಟ್ಟುವ ಹೊತ್ತಿಗೆ ಏಳನೆಯ ಬೆನ್ನು ಬಾಗಿ ಕೂತಿದೆ. ಖಾಸೀಂಬಿ ಸಣ್ಣ ಬ್ರಷ್ಷು ತೆಗೆದು ಅದರ ಕಾಲ ಬಳಿ ತಮ್ಮ ಹೆಸರು, ಊರು, ನಂಬರು ಬರೆಯುತ್ತಾರೆ.

ಹತ್ತು ಗಂಟೆಗೆ ಮೇಲ್ವಿಚಾರಕ ಶಾಂತಕುಮಾರ ಮೋಟರ್‌ಸೈಕಲ್ಲಿನಲ್ಲಿ ಬರುತ್ತಾರೆ. ಪುಸ್ತಕ ಬಿಡಿಸುತ್ತಾರೆ, ಬೆರಳು ಮಾಡಿ ಎಣಿಸುತ್ತಾರೆ, ಮತ್ತೊಮ್ಮೆ ಎಣಿಸುತ್ತಾರೆ.

"ಏಳು ಆಗ್ಯಾವಲ್ರಿ. ಸ್ಯಾಂಪಲ್‌ನ್ಯಾಗ ಆರು ಅದಾವ. ಆ ತುದಿಯಾಕಿನ್ನ ತೆಗೀರಿ. ಹೆಸರೂ ಅಳಸ್ರಿ, ಹಾಕಾಕ ಪರವಾನಗಿ ಇಲ್ಲ."

ಅಡುಗೆ ಕೋಣೆಯಿಂದ ಸೌಟು ಹಿಡಿದೇ ಬಂದ ಕಸ್ತೂರಿಬಾಯಿ ಸೀದಾ ಗೋಡೆಯ ಮುಂದೆ ಹೋಗಿ, ಮೇಲ್ವಿಚಾರಕರಿಗೆ ಬೆನ್ನು ತಿರುಗಿಸಿ, ತಮ್ಮ ಚಿತ್ರದ ಪಕ್ಕಕ್ಕೆ ಕೂತುಬಿಡುತ್ತಾರೆ. ಕುಪ್ಪಸ ಬೇರೆ, ಭುಜ ಅದೇ.

"ನೋಡಪಾ, ಆ ಬೆನ್ನು ಇದು ಹೌದೋ ಅಲ್ಲೋ? ಹೌದು ಅಂದರ ನಿನ್ನ ಪುಸ್ತಕದಾಗ ಇರೋ ಮಂದಿ ಇದೇ ಊರಾಗ ಇನ್ನಾ ಜೀವಂತ ಅದಾರ. ಬರದಾಕಿ ಇಲ್ಲೇ ನಿಂತಾಳ. ಅಜ್ಞಾತ ಅಂತ ಯಾರನ್ನ ಕೇಳಿ ಬರದ್ರಿ?"

ಶಾಂತಕುಮಾರರು ಪುಸ್ತಕ ನೋಡುತ್ತಾರೆ, ತೇಪೆ ನೋಡುತ್ತಾರೆ, ಕೋಡು ನೋಡುತ್ತಾರೆ. ಪುಸ್ತಕ ಮಾಡಿದವರು ಅವರಲ್ಲ. ಹೊರಗೆ ಬಂದು ನಿಂತ ಮುಖ್ಯಗುರುಗಳು, ತಾವು ಕಳಿಸಿದ ಎರಡು ಪತ್ರಗಳ ನಕಲನ್ನು ಅವರ ಕೈಗೆ ಕೊಡುತ್ತಾರೆ. ಓದಿ ಮಡಚಿ ಜೇಬಿಗಿಟ್ಟುಕೊಂಡ ಮೇಲ್ವಿಚಾರಕರ ದನಿ ಇಳಿಯುತ್ತದೆ. "ನಾ ಫೋಟೋ ಕಳಸ್ತೇನ್ರಿ. ಮ್ಯಾಲಿನವರು ಏನಂತಾರೋ ನೋಡೂಣು," ಎಂದು ಫೋನು ತೆಗೆದು, ಅಂದು ಕ್ಯಾಮೆರಾದವರು ನಿಂತ ಅದೇ ಒಣ ಜಾಗದಲ್ಲಿ ನಿಂತು ಹಿಡಿಯುತ್ತಾರೆ.

ಆಗ ಖಾಸೀಂಬಿ ಬಾಯಿ ಬಿಡುತ್ತಾರೆ. ದನಿ ಏರಿಸುವುದಿಲ್ಲ. "ಸರ, ಅಲ್ಲಿ ನಿಂತರ ಮತ್ತ ಆರೇ ಬರ್ತಾವ. ನನಗ ಸನ್ಮಾನ ಬ್ಯಾಡ, ಶಾಲು ಬ್ಯಾಡ. ನಾಲ್ಕು ಹೆಜ್ಜಿ ಹಿಂದಕ್ಕ ಸರೀರಿ, ಸಾಕು. ಎಲ್ಲಾರೂ ಬರ್ತಾರ."

ಶಾಂತಕುಮಾರರು ಹಿಂದಕ್ಕೆ ತಿರುಗಿ ಕೈಪಂಪಿನ ಕೆಸರು ನೋಡುತ್ತಾರೆ, ತಮ್ಮ ಬೂಟು ನೋಡುತ್ತಾರೆ. ಎದ್ದು ಪಕ್ಕಕ್ಕೆ ಸರಿದ ಕಸ್ತೂರಿಬಾಯಿ ಸೌಟು ಹಿಡಿದು ಅವರನ್ನೇ ನೋಡುತ್ತಿದ್ದಾರೆ. ಒಂದು ಹೆಜ್ಜೆ, ಎರಡು, ಮೂರು. ನಾಲ್ಕನೆಯದಕ್ಕೆ ಬೂಟು ಎರೆಮಣ್ಣಿನಲ್ಲಿ ಗಚಕ್ಕನೆ ಇಳಿಯುತ್ತದೆ.

"ಈಗ ನಮ್ಮಮ್ಮ ಬಂದಾಳೇನ್ರಿ ಸರ?"

ಅವರು ಫೋನಿನ ಮೇಲೆ ಬೆರಳಿಟ್ಟು ಎಣಿಸುತ್ತಾರೆ. "ಬಂದಾರ್ರಿ. ಏಳೂ ಮಂದಿ ಬಂದಾರ."

"ಕಾಲ ಬಲ್ಲಿ ಹೆಸರು?"

"ಅದೂ ಬಂದದ್ರಿ."