ಈಶಾನ್ಯಕ್ಕೆ ಹರಿದ ಬಚ್ಚಲು

ನೀರು ಇಳಿಜಾರಿಗೆ ಹರಿಯುತ್ತದೆ. ಇದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ನನ್ನ ನೌಕರಿಯ ಕಾಲವನ್ನೆಲ್ಲ ಆಲಮಟ್ಟಿಯ ಕಾಲುವೆ ಕಚೇರಿಯಲ್ಲಿ ಕಳೆದವನು ನಾನು. ಕೃಷ್ಣೆಯ ನೀರನ್ನು ಹೊಲದಿಂದ ಹೊಲಕ್ಕೆ ಇಳಿಸುವುದೇ ನನ್ನ ಉದ್ಯೋಗವಾಗಿತ್ತು. ರೈತರು ಬೈದರು, ಮೇಲಧಿಕಾರಿಗಳು ಬೈದರು, ಆದರೆ ನೀರು ಮಾತ್ರ ಎಂದೂ ನನ್ನ ಮಾತು ಮೀರಲಿಲ್ಲ. ಅಂಥ ನನಗೆ, ನಿವೃತ್ತಿಯಾದ ಮೇಲೆ, ಬಸವನಬಾಗೇವಾಡಿಯ ನನ್ನ ಸ್ವಂತ ಮನೆಯಲ್ಲಿ, ಎಮ್ಮೆ ಹೊರಳಲೂ ಸಾಲದಷ್ಟು ಜಾಗದ ಬಚ್ಚಲಲ್ಲಿ ನೀರು ಎತ್ತ ಹರಿಯಬೇಕು ಎಂದು ಐದು ಮಂದಿ ಹಿರಿಯರ ಮುಂದೆ ವಾದ ಮಂಡಿಸುವ ಪ್ರಸಂಗ ಬಂತು. ವಾದದಲ್ಲಿ ಸೋತೆ. ಸಿಟ್ಟು ಇನ್ನೂ ಇಳಿದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಬಚ್ಚಲು ಒಡೆಸಿದ್ದು ನನ್ನ ಅಕ್ಕನಿಗಾಗಿ. ಗಂಡ ತೀರಿಕೊಂಡ ಮೇಲೆ ಅವಳು ನಮ್ಮೊಡನೆಯೇ ಇದ್ದಾಳೆ. ಕಳೆದ ಚಳಿಗಾಲದಲ್ಲಿ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಸೊಲ್ಲಾಪುರದಲ್ಲಿ ಆಪರೇಶನ್ ಆಯಿತು. ಡಾಕ್ಟರು ಒಳಗೆ ಉಕ್ಕು ಕೂರಿಸಿ ಎರಡು ಆಜ್ಞೆ ಹೊರಡಿಸಿದರು: ಇನ್ನು ಮೇಲೆ ಕುಕ್ಕರಗಾಲಲ್ಲಿ ಕೂಡಬಾರದು, ಇನ್ನೊಮ್ಮೆ ಬೀಳಬಾರದು. ಅಕ್ಕ ಮಲಗಿದಲ್ಲಿಂದಲೇ ತನ್ನದೂ ಒಂದು ಆಜ್ಞೆ ಹೊರಡಿಸಿದಳು.

"ಮನಿಗಿ ಬಂದಮ್ಯಾಲ ಜಳಕಾ ನಾ ಒಬ್ಬಾಕಿನ ಮಾಡ್ತೇನಿ. ಚಿಲಕಾ ಹಾಕ್ಕೊಂಡು ಮಾಡ್ತೇನಿ. ಒಳಗ ಯಾರೂ ಬರೂದು ಬ್ಯಾಡ."

"ನಾ ನೀರ ಹಾಕ್ತೇನಿ ಬಿಡ್ರಿ ಅಕ್ಕಾರ, ಅದರಾಗೇನೈತಿ?" ಎಂದಳು ನನ್ನ ಹೆಂಡತಿ.

"ಮೈ ತೊಳಸ್ಕೊಳ್ಳಾಕ ನಾ ಏನ್ ಎಮ್ಮಿ ಏನವಾ?"

ಆಸ್ಪತ್ರೆಯಲ್ಲಿ ನರ್ಸುಗಳು ಒದ್ದೆ ಬಟ್ಟೆಯಿಂದ ಮೈ ಒರೆಸುತ್ತಿದ್ದರು. ಮನೆಗೆ ಬಂದ ಮೇಲೆ ಅದೇ ಕೆಲಸ ನನ್ನ ಹೆಂಡತಿಗೆ ಬಂತು. ಅಷ್ಟು ಹೊತ್ತು ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು, ಮುಗಿದ ಮೇಲೂ ಮಧ್ಯಾಹ್ನದ ತನಕ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಬಾಯಿಗೆ ಬಿಡುವೇ ಕೊಡದ ಹೆಂಗಸು ಅವಳು. ಆ ಮೌನ ಮನೆಯಲ್ಲಿ ಯಾರಿಗೂ ತಡೆದುಕೊಳ್ಳುವಂಥದ್ದಾಗಿರಲಿಲ್ಲ. ಅವಳಿಗೆ ಬೇಕಾದದ್ದು ಅರಮನೆಯಲ್ಲ. ಒಳಗಿನಿಂದ ಚಿಲಕ ಹಾಕಿಕೊಂಡು, ಖುರ್ಚಿಯ ಮೇಲೆ ಕೂತು, ಬೀಳದೆ ಸ್ನಾನ ಮಾಡಿ ಹೊರಬರಬಹುದಾದ ಒಂದು ಬಚ್ಚಲು.

ಹಳೆಯ ಬಚ್ಚಲಲ್ಲಿ ಹಂಡೆ, ಒಲೆ, ನುಣುಪಾದ ಕಲ್ಲು. ಅಲ್ಲಿ ಅದು ಸಾಧ್ಯವಿರಲಿಲ್ಲ. ಆದ್ದರಿಂದ ಅಕ್ಕ ಇನ್ನೂ ಸೊಲ್ಲಾಪುರದಲ್ಲಿದ್ದಾಗಲೇ ಮನಗೂಳಿಯ ಒಬ್ಬ ಗುತ್ತೇದಾರನಿಗೆ ಕೆಲಸ ಒಪ್ಪಿಸಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ ಎಲ್ಲ ಕಡೆ ಅವನ ಕೆಲಸ ನಡೆದಿದೆ ಎಂದು ಜನ ಹೊಗಳಿದ್ದರು. ನಡೆದದ್ದು ನಿಜವೇ, ಮುಗಿದದ್ದು ಎಷ್ಟು ಎಂದು ನಾನು ಕೇಳಲಿಲ್ಲ. ಅವನದೊಂದು ಪದ್ಧತಿಯಿತ್ತು. ಕೆಲಸ ಒಪ್ಪಿಕೊಂಡ ದಿನವೇ ಬಂದು ಬಚ್ಚಲು ಒಡೆದು ಹೋಗುವುದು. ನಮ್ಮ ಜನ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ. ಒಮ್ಮೆ ಒಡೆದನೆಂದರೆ ಆ ಬಚ್ಚಲು ಅವನದು. ಗಾರೆ ಕೆಲಸದ ಇನ್ನೊಬ್ಬ ಗೌಂಡಿ ಅದನ್ನು ಮುಟ್ಟುವುದಿಲ್ಲ.

ನಾನು ಹೇಳಿದ್ದು ಸ್ಪಷ್ಟವಾಗಿತ್ತು. ಜಾರದ ಒರಟು ಟೈಲ್ಸು, ಒಂದು ಕಮೋಡು, ಹಿಡಿಯಲು ಗೋಡೆಗೆ ಎರಡು ಸ್ಟೀಲ್ ರಾಡು. ನೆಲದ ವಾಟ, ಅಂದರೆ ನೀರು ಹರಿಯುವ ಇಳಿಜಾರು, ಪಶ್ಚಿಮಕ್ಕೆ. ಏಕೆಂದರೆ ಗಟಾರಕ್ಕೆ ಹೋಗುವ ತೂತು ಪಶ್ಚಿಮದ ಗೋಡೆಯ ಬುಡದಲ್ಲಿದೆ. ಬಾಗಿಲು ಅದರ ಎದುರಿಗೆ, ಈಶಾನ್ಯದ ಮೂಲೆಯಲ್ಲಿ. ಸೀಮೆಸುಣ್ಣದಿಂದ ಗೋಡೆಯ ಮೇಲೆ ಬಾಣದ ಗುರುತನ್ನೂ ಬರೆದೆ. "ಹೌದ್ರಿ ಸರ" ಎಂದ. ಆ ಭರವಸೆಯ ಮೇಲೆ ನಾನು ಸೊಲ್ಲಾಪುರಕ್ಕೆ ಹೋದೆ. ಅಲ್ಲಿಂದ ಫೋನು ಮಾಡಿದಾಗಲೆಲ್ಲ "ಸಿಂದಗ್ಯಾಗಿದ್ದೇನ್ರಿ ಸರ, ಸಂಜಿಗೆ ನಿಮ್ಮನಿಗೇ ಹೊಂಟೇನಿ" ಎನ್ನುತ್ತಿದ್ದ. ಹಿಂದಿನಿಂದ ಬಾಗೇವಾಡಿ ಬಸ್ ಸ್ಟ್ಯಾಂಡಿನ ಕೂಗು ನನ್ನ ಕಿವಿಗೆ ಸ್ಪಷ್ಟವಾಗಿ ಬೀಳುತ್ತಿತ್ತು.

ಅಕ್ಕನನ್ನು ಕರೆತಂದು ಎಷ್ಟೋ ದಿನಗಳಾದ ಮೇಲೆ ಬಚ್ಚಲು ಮುಗಿಯಿತು. ಗುತ್ತೇದಾರ ಬಾಗಿಲಲ್ಲಿ ಕಾಯಿ ಒಡೆದು, ಉದ್ಘಾಟನೆಗೆ ಬಂದ ಮಂತ್ರಿಯಂತೆ ಕೈಕಟ್ಟಿ ನಿಂತ. ನಾನು ಒಳಗೆ ಹೋಗಿ ಒಂದು ತಂಬಿಗೆ ನೀರು ಸುರಿದೆ. ನೀರು ಒಂದು ಕ್ಷಣ ಯೋಚಿಸಿತು. ಅನಂತರ ಗಟಾರಕ್ಕೆ ಬೆನ್ನು ತೋರಿಸಿ, ಬಾಗಿಲ ಕೆಳಗಿನಿಂದ ನುಸುಳಿ, ಪಡಸಾಲೆಗೆ ದಯಮಾಡಿಸಿತು.

"ನೀರ ಇತ್ತಾಗ್ಯಾಕ ಬರಾಕತ್ತಾವು?"

"ಈಶಾನ್ಯಕ್ಕ ಹೊಂಟಾವ್ರಿ ಸರ."

"ಗಟಾರ ಪಶ್ಚಿಮಕ್ಕೈತಲ್ಲೋ!"

"ಗಟಾರದ್ದು ಬ್ಯಾರೆ ಮಾತ್ರಿ. ವಾಸ್ತು ಪ್ರಕಾರ ನೀರ ಈಶಾನ್ಯಕ್ಕ ಹರೀಬೇಕು. ಬಾಜೂಮನಿ ಸಾವಕಾರ್ರು ಹೇಳಿದ್ರು. ನೀವ್ ಊರಾಗಿರಲಿಲ್ಲ. ಹಿರೇರನ್ನ ಕೇಳೂದು ಬ್ಯಾಡೇನ್ರಿ?"

ಪಕ್ಕದ ಮನೆಯ ಸಾವಕಾರರು ದೊಡ್ಡ ಮನುಷ್ಯರು. ಅವರ ಮಾತಿಗೆ ಓಣಿಯಲ್ಲಿ ಬೆಲೆಯಿದೆ. ಆದರೆ ಅವರ ಮಾತಿಗಾಗಿ ನೀರು ಗೋಡೆ ಹತ್ತುವುದಿಲ್ಲ. ಇದನ್ನು ನಾನು ಹೇಳುವಷ್ಟರಲ್ಲಿ ಗುತ್ತೇದಾರ ಬಾಗಿಲ ಹಿಂದಿನಿಂದ, ಪ್ಲಾಸ್ಟಿಕ್ ಹಾಳೆ ಸುತ್ತಿದ ಒಂದು ವೈಪರ್ ತೆಗೆದು ಎರಡೂ ಕೈಯಿಂದ ನನಗೆ ಅರ್ಪಿಸಿದ.

"ಇದು ನಮ್ಮ ಕಡಿಂದ ಫ್ರೀ ರಿ. ಜಳಕಾ ಆದಮ್ಯಾಲ ಎರಡ ಸಲ ಎಳದ್ರ ಆತು."

ಈ ವೈಪರಿನ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿಯೇ ಮಾತಾಡಬೇಕಾಗಿದೆ. ನಾಡಿನ ಹೊಸ ಬಚ್ಚಲುಗಳ ಬಾಗಿಲ ಹಿಂದೆ ಒಂದೊಂದು ವೈಪರ್ ನಿಂತಿರುತ್ತದೆ. ಜನ ಅದನ್ನು ಸ್ವಚ್ಛತೆಯ ಗುರುತು ಎಂದುಕೊಂಡಿದ್ದಾರೆ. ಅಲ್ಲ; ಅದು ಕಟ್ಟಿದವನ ತಪ್ಪೊಪ್ಪಿಗೆ. ಭೂಮಿ ತಾನಾಗಿ, ಕೂಲಿ ಕೇಳದೆ ಮಾಡುವ ಕೆಲಸವನ್ನು ಕಿತ್ತುಕೊಂಡು ಮನೆಯ ಹೆಂಗಸರ ಕೈಗೆ ಕೋಲು ಕೊಟ್ಟು ದಿನಾ ಮಾಡಿಸುವ ವ್ಯವಸ್ಥೆ ಅದು. ಕಾಲುವೆ ತಪ್ಪು ಕಟ್ಟಿ, ರೈತರಿಗೆಲ್ಲ ಒಂದೊಂದು ವೈಪರ್ ಹಂಚಿದ್ದರೆ ನನ್ನನ್ನು ಊರಲ್ಲಿ ಬಿಡುತ್ತಿದ್ದರೇ?

"ಆಕಿ ವಾಕರ್ ಹಿಡ್ಯಾಕ ಎರಡೂ ಕೈ ಬೇಕು. ಇದನ್ನ ಯಾವ ಕೈಲೆ ಹಿಡೀಬೇಕು?" ಎಂದು ಕೇಳಿದೆ.

ಅವನು ನಿಜವಾಗಿಯೂ ಯೋಚಿಸಿದ. "ಮನ್ಯಾಗ ಯಾರರ ಇರ್ತಾರಲ್ರಿ, ಒಳಗ ಬಂದು ಎಳೀತಾರ."

ಅಕ್ಕ ಯಾವುದು ಬೇಡವೆಂದಿದ್ದಳೋ ಅದೇ ಅವನ ಪರಿಹಾರವಾಗಿತ್ತು.

ಒಡೆದು ಸರಿಮಾಡು ಎಂದೆ. ಒಡೆದರೆ ಟೈಲ್ಸು ಹಾಳು, ತಾನು ಹಿರಿಯರ ಮಾತು ನಡೆಸಿದ್ದೇನೆ, ತನ್ನದೇನೂ ತಪ್ಪಿಲ್ಲ ಎಂದ. ಊರಿನ ಬೇರೆ ಗೌಂಡಿಯನ್ನು ಕರೆಸಿದೆ. ಅವನು ಹೊಸ್ತಿಲ ಹೊರಗೇ ನಿಂತು, ಸೂತಕದ ಮನೆ ನೋಡುವಂತೆ ಇಣುಕಿ, "ಅವಾ ಕೈ ಹಚ್ಚಿದ ಕೆಲಸ್ರಿ. ಬಿಟ್ಟೇನಿ ಅಂತ ಅವಾ ಅನ್ನೂತನಾ ನಾವ್ ಮುಟ್ಟಂಗಿಲ್ರಿ" ಎಂದು ಚಪ್ಪಲಿ ಮೆಟ್ಟಿಕೊಂಡ. ಹೀಗೆ ವಿಷಯ ಓಣಿಯ ಪಂಚರ ಮುಂದೆ ಹೋಯಿತು. ಪಂಚರ ಮುಖ್ಯಸ್ಥರು ಯಾರು? ಸಾವಕಾರರು! ಈಶಾನ್ಯದ ಉಪದೇಶ ಕೊಟ್ಟವರೇ ನ್ಯಾಯ ಹೇಳುವವರು. ನಾನು ಆಕ್ಷೇಪಿಸಿದೆ. "ಸಾವಕಾರ್ರ ಇಲ್ದ ಪಂಚಾಯ್ತಿ ಹೆಂಗ ಆಕ್ಕೈತ್ರಿ?" ಎಂದು ಉಳಿದವರು ನನ್ನನ್ನೇ ವಿಚಿತ್ರವಾಗಿ ನೋಡಿದರು.

ಸ್ಥಳ ಪರಿಶೀಲನೆಗಾಗಿ ಐವರೂ ಚಪ್ಪಲಿ ಬಿಟ್ಟು ಬಚ್ಚಲಿಗೆ ದಯಮಾಡಿಸಿದರು. ಗುತ್ತೇದಾರನೂ ನಾನೂ ಸೇರಿ ಏಳು ಜನ. ಉಸಿರಾಡಲು ಸರದಿ ಹಚ್ಚಬೇಕಾದ ಪರಿಸ್ಥಿತಿ. ಸಾವಕಾರರಿಗೆ ಮೊಣಕಾಲು ನೋವು, ನಿಲ್ಲಲಾಗದು. ಆದ್ದರಿಂದ ಕಮೋಡಿನ ಮುಚ್ಚಳ ಹಾಕಿ, ಅದರ ಮೇಲೆ ಟವೆಲ್ ಹಾಸಿ, ಅವರನ್ನು ಕೂಡ್ರಿಸಲಾಯಿತು. ನನ್ನ ಅಹವಾಲನ್ನು ಆ ಪೀಠ ಆಲಿಸಿತು.

ನಾನು ತಂಬಿಗೆ ಬಗ್ಗಿಸಿದೆ. ನೀರು ಒಬ್ಬ ಪಂಚರ ಧೋತರದ ಅಂಚು ತೋಯಿಸಿ ಬಾಗಿಲ ಕಡೆ ನಡೆಯಿತು.

"ನೋಡ್ರಿ, ಸೀದಾ ಈಶಾನ್ಯ!" ಎಂದ ಗುತ್ತೇದಾರ, ಮಗ ಪರೀಕ್ಷೆ ಪಾಸಾದ ಸಂಭ್ರಮದಲ್ಲಿ.

ಒಬ್ಬರು ಮೊಬೈಲಿನಲ್ಲಿ ದಿಕ್ಸೂಚಿ ತೆರೆದರು. "ಖರೇನ ಈಶಾನ್ಯ ಐತಿ" ಎಂದು ಘೋಷಿಸಿದರು. ಪಂಚರು ತಲೆದೂಗಿದರು. ಒದ್ದೆ ಧೋತರದವರೂ ತಲೆದೂಗಿದರು! ದಿಕ್ಕಿನ ಬಗ್ಗೆ ನನ್ನ ತಕರಾರಿಲ್ಲ, ಈಶಾನ್ಯ ಈಶಾನ್ಯದಲ್ಲೇ ಇದೆ, ತೂತು ಅಲ್ಲಿಲ್ಲ ಎಂಬುದೇ ನನ್ನ ದೂರು ಎಂದು ನಾನು ಕೂಗಿದ್ದು ಟೈಲ್ಸಿಗೆ ಬಡಿದು ನನಗೇ ಮರಳಿ ಬಂತು.

ಸಾವಕಾರರು ತೀರ್ಪು ಕೊಟ್ಟರು. "ನೋಡ್ರಿ ಸಾಹೇಬ್ರ, ನಿಮ್ಮದೂ ಖರೆ, ಅವಂದೂ ಖರೆ. ಮುರದು ಕಟ್ಟೂದು ಶೋಭಾ ಅಲ್ಲ. ಅವಾ ಇದಕ್ಕಿಂತ ದೊಡ್ಡ ವೈಪರ್ ಒಂದು ಕೊಡ್ಲಿ. ಕಾಲಾಗ ಹಾಕಾಕ ರಬ್ಬರ್ ಮ್ಯಾಟೂ ಕೊಡ್ಲಿ. ಮುಗೀತು."

ದೊಡ್ಡ ವೈಪರ್! ಪಂಚರು ಪಡಸಾಲೆಗೆ ಬಂದು ನನ್ನದೇ ಮನೆಯ ಚಹಾ ಕುಡಿಯುತ್ತ ಕೂತರು.

ಆಗ ಒಳಕೋಣೆಯಿಂದ ವಾಕರಿನ ಟಕಟಕ ಸದ್ದು ಬಂತು. ಅಕ್ಕ ಬಾಗಿಲಲ್ಲಿ ನಿಂತು ಗುತ್ತೇದಾರನನ್ನು ಕೇಳಿದಳು:

"ಯಪ್ಪಾ, ನಿಮ್ಮನ್ಯಾಗ ಬಚ್ಚಲ ಐತಿಲ್ಲೋ?"

"ಐತ್ರಿ ಅವ್ವಾರ."

"ನೀರ ಯಾ ಕಡಿ ಹೊಕ್ಕಾವು?"

ಅವನು ಸಾವಕಾರರ ಮುಖ ನೋಡಿದ. "ಗಟಾರಕ್ಕ ಹೊಕ್ಕಾವ್ರಿ."

"ಒಳಗ ಚಿಲಕಾ?"

"ಐತ್ರಿ."

"ನಡಿ ಹಂಗಾರ." ನನ್ನ ಹೆಂಡತಿಯ ಕಡೆ ತಿರುಗಿ, "ಸೀರಿ, ಸಬಕಾರ, ಟವಲ್ ಒಂದು ಚೀಲದಾಗ ಹಾಕವಾ" ಎಂದಳು.

"ಅವ್ವಾರ, ಮನ್ಯಾಗ ಹೇಳಿಲ್ರಿ..."

"ನಾ ಹೇಳ್ತೇನಿ ನಡಿ. ಬಾಗೇವಾಡ್ಯಾಗ ಜಳಕಾ ಮಾಡಾಕ ಬರೂವಂಗ ಇಟ್ಟಿಲ್ಲ ನೀನು. ನಿಮ್ಮನ್ಯಾಗರ ಮಾಡ್ತೇನಿ."

ಪಂಚರ ಕಪ್ಪುಗಳು ಬಾಯಿಗೂ ಬಸಿಗೂ ನಡುವೆ ನಿಂತವು. ಗುತ್ತೇದಾರನ ಸಣ್ಣ ಟೆಂಪೊ ಹೊರಗೆ ನಿಂತಿತ್ತು. ಅಕ್ಕನನ್ನು ಮುಂದಿನ ಸೀಟಿಗೆ ಹತ್ತಿಸಿದೆವು. ನಾನು ಹಿಂದೆ, ಸಿಮೆಂಟಿನ ಚೀಲಗಳ ಮಧ್ಯೆ, ವಾಕರ್ ಹಿಡಿದು ಕೂತೆ. ನಿವೃತ್ತ ಸರ್ಕಾರಿ ನೌಕರನೊಬ್ಬ ಆ ಸ್ಥಿತಿಯಲ್ಲಿ ಬಾಗೇವಾಡಿಯಿಂದ ಮನಗೂಳಿಯ ತನಕ ಎಷ್ಟು ಗಾಂಭೀರ್ಯ ಉಳಿಸಿಕೊಳ್ಳಬಹುದೋ ಅಷ್ಟನ್ನು ಉಳಿಸಿಕೊಂಡೆ.

ಗುತ್ತೇದಾರನ ಹೆಂಡತಿ ಮೊದಲು ಗಾಬರಿಯಾದಳು. "ಜಳಕಾ ಮಾಡಾಕ ಬಂದೇನವಾ. ನಮ್ಮನ್ಯಾಗ ನಿನ್ನ ಗಂಡ ಕಟ್ಟಿದ ಬಚ್ಚಲದಾಗ ನಾ ಬಿದ್ದು ಸಾಯ್ತೇನಿ" ಎಂದು ಅಕ್ಕ ನಡೆದದ್ದನ್ನೆಲ್ಲ ಹೇಳಿದಳು. ಆ ಹೆಣ್ಣುಮಗಳು ಮರುಮಾತಾಡದೆ ನೀರು ಕಾಸಿದಳು, ಪ್ಲಾಸ್ಟಿಕ್ ಖುರ್ಚಿ ಒಳಗಿಟ್ಟಳು. ಅಕ್ಕ ಒಳಗೆ ಹೋದಳು. ಚಿಲಕ ಬಿದ್ದ ಸದ್ದು ಕೇಳಿತು.

ನಾವು ಮೂವರೂ ಹೊರಗೆ ನಿಂತೆವು. ತಂಬಿಗೆಯ ಸದ್ದು, ನೀರಿನ ಸದ್ದು, ಮತ್ತೆ ತಂಬಿಗೆಯ ಸದ್ದು. ಬಹಳ ಹೊತ್ತು. ಎಲುಬು ಮುರಿದ ಮೇಲೆ ಅವಳು ಒಬ್ಬಳೇ ಮಾಡುತ್ತಿದ್ದ ಮೊದಲ ಸ್ನಾನ ಅದು. ಅದಕ್ಕಾಗಿ ಅವಳು ಬೇರೆ ಊರಿಗೆ, ಕಂಡರಿಯದವರ ಮನೆಗೆ ಬರಬೇಕಾಯಿತು. ಅಷ್ಟರಲ್ಲಿ ಗುತ್ತೇದಾರನ ಹೆಂಡತಿ ಬಾಯಿ ಬಿಟ್ಟಳು.

"ನಮ್ಮನಿ ಬಚ್ಚಲಾ ಕಟ್ಟುವಾಗ ನಿಮ್ಮ ಈಶಾನ್ಯ ಎಲ್ಲಿಗೆ ಹೋಗಿತ್ರಿ?"

"ನೀ ಸುಮ್ನಿರ."

"ಆ ವೈಪರ್ ಮನಿಗಿ ತರ್ರಿ. ನಿಮ್ಮ ಬೆನ್ನಿಗಿ ಬೇಕಾಗ್ತೈತಿ."

ಅಕ್ಕ ಒದ್ದೆ ಕೂದಲು ಟವೆಲ್ಲಿಗೆ ಸುತ್ತಿಕೊಂಡು ಹೊರಬಂದಳು. ತಿಂಗಳುಗಳ ಮೇಲೆ ಅವಳ ಮುಖ ಅವಳದೇ ಆಗಿ ಕಾಣುತ್ತಿತ್ತು. "ನಾಳಿಗೆ ಎಷ್ಟಕ್ಕ ಗಾಡಿ ಕಳಸ್ತಿ?" ಎಂದು ಗುತ್ತೇದಾರನನ್ನು ಕೇಳಿದಳು.

ಅವನು ನಕ್ಕ. ಅಕ್ಕ ನಗಲಿಲ್ಲ. ಮರುದಿನ ಬೆಳಿಗ್ಗೆ ಚೀಲ ಹಿಡಿದು ಕಟ್ಟೆಯ ಮೇಲೆ ಸಿದ್ಧವಾಗಿ ಕೂತಿದ್ದಳು. ಗಾಡಿಯೂ ಬಂತು, ಕಳಿಸಿದವಳು ಅವನ ಹೆಂಡತಿ. ಆ ವಾರವೆಲ್ಲ ಹೀಗೇ ನಡೆಯಿತು. ಮನಗೂಳಿಯ ಜನ ಬಾಗಿಲಿಗೆ ಬಂದು ನೋಡತೊಡಗಿದರು. ಸುದ್ದಿ ತಾಲೂಕಿನ ಗಡಿ ದಾಟಿತು. ಇಂಡಿಯಲ್ಲಿ ಅವನು ಒಡೆದು ಬಿಟ್ಟಿದ್ದ ಬಚ್ಚಲಿನ ಯಜಮಾನರು ಫೋನು ಮಾಡಿ, "ನಿಮ್ಮನ್ಯಾಗ ಜಳಕದ ವ್ಯವಸ್ಥಾ ಮಾಡೀರಂತ, ನಾವೂ ಮನಿಮಂದೆಲ್ಲ ಬರೂನೇನ್ರಿ?" ಎಂದು ಕೇಳಿದರಂತೆ. ಮೂರು ತಾಲೂಕು ಟವೆಲ್ ಹೆಗಲಿಗೇರಿಸಿಕೊಂಡು ತನ್ನ ಬಾಗಿಲಿಗೆ ಬಂದು ನಿಲ್ಲುವ ದೃಶ್ಯ ಅವನ ಕಣ್ಣಿಗೆ ಕಟ್ಟಿರಬೇಕು. ಮರುದಿನವೇ ಸುತ್ತಿಗೆ ಹಿಡಿದು ನಮ್ಮ ಮನೆಗೆ ಬಂದ.

ನೆಲ ಒಡೆದು ಹೊಸದಾಗಿ ಹಾಕಿದ. ಈ ಸಲ ನಾನು ಪಕ್ಕದಲ್ಲೇ ಖುರ್ಚಿ ಹಾಕಿಕೊಂಡು ಕೂತಿದ್ದೆ. ಇಷ್ಟಾದರೂ ನನ್ನ ಸಿಟ್ಟು ಏಕೆ ಇಳಿದಿಲ್ಲವೆಂದರೆ, ಅವನು ಓಣಿಯಲ್ಲಿ "ಸಾಹೇಬ್ರ ಮ್ಯಾಲಿನ ಗೌರವಕ್ಕ ಮುರದು ಕಟ್ಟಿಕೊಟ್ಟೆ" ಎಂದು ಹೇಳಿಕೊಂಡ. ಸಾವಕಾರರು "ನಮ್ಮ ಪಂಚಾಯ್ತ್ಯಾಗ ಬಗೀಹರಿಸಿದಿವಿ" ಎಂದು ಹೇಳಿಕೊಂಡರು. ಎರಡನ್ನೂ ಊರು ನಂಬಿತು. ತಪ್ಪಾಯಿತು ಎಂದು ಅಕ್ಕನ ಮುಂದೆ ಒಬ್ಬನೇ ಒಬ್ಬ ಗಂಡಸು ಹೇಳಲಿಲ್ಲ.

ನೆಲ ಒಣಗಿದ ದಿನ ನಾನು ತಂಬಿಗೆಯ ಮೇಲೆ ತಂಬಿಗೆ ಸುರಿದು ಪರೀಕ್ಷಿಸುತ್ತಿದ್ದೆ. ನೀರು ಪಶ್ಚಿಮಕ್ಕೆ ಇಳಿದು, ತೂತಿನಲ್ಲಿ ಗುಳುಗುಳು ಎಂದು ಹೋಗುತ್ತಿತ್ತು.

"ಸಾಕ ಬಿಡೋ ತಮ್ಮಾ, ಕಾದ ನೀರೆಲ್ಲಾ ನೀನ ತೀರಸ್ತಿ" ಎಂದು ಅಕ್ಕ ನನ್ನನ್ನು ಹೊರಗೆ ಕಳಿಸಿ, ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ನಾನು ಬಾಗಿಲ ಹೊರಗೆ ಉಸಿರು ಹಿಡಿದು ನಿಂತೆ.

"ಹೊರಗ ನಿಂತೀಯೇನು?"

"ಇಲ್ಲ."

"ಇಲ್ಲ ಅನ್ನಾಂವ ಎಲ್ಲಿಂದ ಮಾತಾಡಾಕತ್ತಿ? ಬಿದ್ರ ಒದರ್ತೇನಿ. ಹೋಗು."

ಹೋದೆ. ಆದರೆ ದೂರ ಹೋಗಲಿಲ್ಲ. ಮನೆ ಸುತ್ತಿ ಪಶ್ಚಿಮದ ಸಂದಿಗೆ ಹೋಗಿ, ಬಚ್ಚಲಿನ ಪೈಪು ಗಟಾರಕ್ಕೆ ಬೀಳುವಲ್ಲಿ ನಿಂತೆ. ಸಾಬೂನಿನ ನೊರೆ ನೀರು ಬರುತ್ತಿತ್ತು. ಸ್ವಲ್ಪ ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಬರುವ ತನಕ ಒಳಗೆ ಎಲ್ಲ ಸರಿಯಿದೆ ಎಂದು ಲೆಕ್ಕ. ಸಾವಕಾರರು ತಮ್ಮ ಕಟ್ಟೆಯ ಮೇಲಿನಿಂದ, "ಗಟಾರದಾಗ ಏನ್ ಕಳಕೊಂಡೀರಿ ಸಾಹೇಬ್ರ?" ಎಂದು ಕೇಳಿದರು. ಪೈಪಿನಿಂದ ಕಣ್ಣು ತೆಗೆಯುವ ಹಾಗಿರಲಿಲ್ಲ.